ಹಲ್ಲು, ದಂತ, ಟೂಥ್: ಒಂದು ಪುಟ್ಟ ನಾಮಪದದ ವಂಶವೃತ್ತಾಂತ

ಆಂಗ್ಲ ವ್ಯಾಕರಣವನ್ನು ಕಲಿಯುವ ವಿದ್ಯಾರ್ಥಿಗಳು ಬಹುವಚನದ ಪಾಠಕ್ಕೆ ಬಂದೊಡನೆ ಒಂದು ಚಿಕ್ಕ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗುತ್ತದೆ. 'ಬುಕ್' ಎಂಬುದಕ್ಕೆ 'ಬುಕ್ಸ್', 'ಟೇಬಲ್' ಎಂಬುದಕ್ಕೆ 'ಟೇಬಲ್ಸ್' ಎಂದು ಕೊನೆಗೊಂದು ಸಕಾರವನ್ನು ಹಚ್ಚಿ ನಿಶ್ಚಿಂತರಾಗಿದ್ದವರಿಗೆ, 'ಟೂಥ್' ಎಂಬುದಕ್ಕೆ 'ಟೀಥ್', 'ಫುಟ್' ಎಂಬುದಕ್ಕೆ 'ಫೀಟ್', 'ಗೂಸ್' ಎಂಬುದಕ್ಕೆ 'ಗೀಸ್' ಎಂದು ಕಂಡಾಗ ದಿಗ್ಭ್ರಮೆಯಾಗುವುದು ಸಹಜ. ಕಾರಣ ಕೇಳಿದರೆ, "ಇವು ಅಪವಾದಗಳು, ನೆನಪಿಟ್ಟುಕೊಳ್ಳಿರಿ" ಎಂಬ ಉತ್ತರ ಸಾಮಾನ್ಯವಾಗಿ ದೊರೆಯುತ್ತದೆ. ಪರೀಕ್ಷೆಯ ಮಟ್ಟಿಗೆ ಆ ಉತ್ತರ ಸಾಕು, ಜಿಜ್ಞಾಸೆಗೆ ಸಾಲದು.

ಭಾಷೆಯಲ್ಲಿ ಕಾರಣವಿಲ್ಲದ ಅಪವಾದವೆಂಬುದು ಬಹಳ ವಿರಳ. ನಾವು ಅಪವಾದವೆಂದು ಕರೆಯುವುದು ಹೆಚ್ಚಾಗಿ ಒಂದು ಹಳೆಯ ನಿಯಮದ ಅವಶೇಷವಾಗಿರುತ್ತದೆ. ಈ ಮಾತನ್ನು ಒಂದೇ ಒಂದು ಪದದ ಮೂಲಕ ವಿವರಿಸಲು ಇಲ್ಲಿ ಯತ್ನಿಸುತ್ತೇವೆ. ಆ ಪದ 'ಹಲ್ಲು' ಎಂಬ ಅರ್ಥದ 'ಟೂಥ್'. ಬಾಯಲ್ಲಿ ಎಲ್ಲರಿಗೂ ಇರುವ, ಪ್ರತಿಯೊಂದು ಭಾಷೆಗೂ ಬೇಕಾದ, ಅತಿ ಪುಟ್ಟದಾದ ನಾಮಪದವಿದು.

೧. ಬಳಗದ ಪರಿಚಯ

ಮೊದಲು ಯೂರೋಪಿನ ಕೆಲವು ಭಾಷೆಗಳಲ್ಲಿ ಈ ಅರ್ಥವುಳ್ಳ ಪದಗಳನ್ನು ಏಕವಚನ, ಬಹುವಚನಗಳ ಕ್ರಮದಲ್ಲಿ ಬರೆದುಕೊಳ್ಳೋಣ.

ಲ್ಯಾಟಿನ್: ದೇನ್ಸ್, ದೆಂತೇಸ್
ಗ್ರೀಕ್: ಒದೂಸ್, ಒದೊಂತೆಸ್
ಇಟಾಲಿಯನ್: ದೆಂತೆ, ದೆಂತಿ
ಸ್ಪ್ಯಾನಿಷ್: ದಿಯೆಂತೆ, ದಿಯೆಂತೆಸ್
ಲಿಥುವೇನಿಯನ್: ದಾಂತಿಸ್, ದಾಂತೀಸ್
ವೆಲ್ಷ್: ದಂತ್, ದನ್ನೆಧ್
ಡಚ್: ತಾಂಡ್, ತಾಂಡೆನ್
ಸ್ವೀಡಿಷ್: ತಾಂಡ್, ತೆಂಡೆರ್
ಜರ್ಮನ್: ತ್ಸಾನ್, ತ್ಸೇನೆ
ಆಂಗ್ಲ: ಟೂಥ್, ಟೀಥ್

ಪಟ್ಟಿಯ ಮೊದಲ ಆರು ಪದಗಳನ್ನು ಓದಿದ ಕನ್ನಡ ವಿದ್ಯಾರ್ಥಿಗೆ ಸಂಸ್ಕೃತದ 'ದಂತ' ನೆನಪಾಗದೆ ಇರದು. ಇಂತಹ ಸಾದೃಶ್ಯಗಳನ್ನು ಕಂಡೇ ಸರ್ ವಿಲಿಯಂ ಜೋನ್ಸ್ ೧೭೮೬ರಲ್ಲಿ ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯಲ್ಲಿ ಮಾಡಿದ ಭಾಷಣದಲ್ಲಿ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಬಹುಶಃ ಈಗ ಉಳಿದಿರದ ಒಂದೇ ಮೂಲದಿಂದ ಹೊರಟಿರಬೇಕೆಂದು ಸೂಚಿಸಿದನು. ಆ ಮೂಲವನ್ನು ವಿದ್ವಾಂಸರು ಇಂದು ಮೂಲ ಇಂಡೋ-ಯೂರೋಪಿಯನ್ ಭಾಷೆ ಎನ್ನುತ್ತಾರೆ. ಅದರ ಒಂದು ಬರಹವೂ ಉಳಿದಿಲ್ಲ. ಮಕ್ಕಳ ಮುಖಲಕ್ಷಣಗಳಿಂದ ತಾಯಿಯ ಮುಖವನ್ನು ಊಹಿಸುವಂತೆ, ಉಳಿದಿರುವ ಭಾಷೆಗಳಿಂದ ಅದನ್ನು ಕಟ್ಟಿಕೊಳ್ಳಲಾಗಿದೆ.

೨. ಮೂಲಾರ್ಥ: ತಿನ್ನುವಂಥದು

ಈ ಪದಕ್ಕೆ ಅರ್ಥ ಬಂದುದು ಹೇಗೆ? ಸಂಸ್ಕೃತದಲ್ಲಿ 'ಅದ್' ಎಂಬುದು ತಿನ್ನುವುದು ಎಂಬ ಅರ್ಥದ ಧಾತು. 'ಅತ್ತಿ' ಎಂದರೆ ತಿನ್ನುತ್ತಾನೆ. ಲ್ಯಾಟಿನ್ನಿನ 'ಎದೆರೆ', ಆಂಗ್ಲದ 'ಈಟ್', ಜರ್ಮನಿನ 'ಎಸ್ಸೆನ್' ಇವೂ ಅದೇ ಧಾತುವಿನಿಂದ ಬಂದವು. ಆ ಧಾತುವಿಗೆ ವರ್ತಮಾನ ಕೃದಂತದ ಪ್ರತ್ಯಯವನ್ನು ಸೇರಿಸಿದರೆ 'ತಿನ್ನುತ್ತಿರುವಂಥದು' ಎಂಬ ಅರ್ಥದ ಪದವಾಗುತ್ತದೆ. ಧಾತುವಿನ ಮೊದಲ ಸ್ವರ ಕ್ಷೀಣಿಸಿ ಬಿದ್ದುಹೋಗಿ 'ದೊಂತ್' ಎಂಬಂತಹ ಅಂಗ ಉಳಿಯಿತೆಂದು ಬಹುಮಂದಿ ವಿದ್ವಾಂಸರ ಮತ. ಗ್ರೀಕಿನ 'ಒದೂಸ್' ಪದದ ಆದಿಯಲ್ಲಿ ಕಾಣುವ 'ಒ'ಕಾರವು ಆ ಲುಪ್ತಭಾಗದ ಗುರುತು. ಹೀಗೆ ಹಲ್ಲು ಎಂದರೆ ಮೂಲತಃ 'ತಿನ್ನುವಂಥದು'. ಒಂದು ಅಂಗದ ಹೆಸರು ಅದರ ಕೆಲಸದಿಂದ ಹುಟ್ಟಿದೆ.

ಈ ಅಂಗಕ್ಕೆ ಎರಡು ರೂಪಗಳಿದ್ದವು. ಸ್ವರಭಾರವು ಅಂಗದ ಮೇಲೆಯೇ ಬೀಳುವ ವಿಭಕ್ತಿಗಳಲ್ಲಿ ಅದು ಪೂರ್ಣವಾಗಿ ನಿಲ್ಲುತ್ತಿತ್ತು. ಸ್ವರಭಾರವು ಪ್ರತ್ಯಯಕ್ಕೆ ಸರಿದಾಗ ಅಂಗವು ಸೊರಗುತ್ತಿತ್ತು. ವೇದದ ಭಾಷೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ದ್ವಿತೀಯಾ ಏಕವಚನ 'ದಂತಮ್'. ತೃತೀಯೆಯಲ್ಲಿ 'ದತಾ', ಷಷ್ಠಿಯಲ್ಲಿ 'ದತಃ'. ನಡುವಣ ಅನುನಾಸಿಕ ಮಾಯವಾಗಿದೆ! ಪಾಣಿನಿಯೂ ದ್ವಿತೀಯಾ ಬಹುವಚನದಿಂದ ಮುಂದಣ ರೂಪಗಳಿಗೆ 'ದತ್' ಎಂಬ ಆದೇಶವನ್ನು ಹೇಳಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲನೆಂಬ ಬಿಷಪ್ಪನು ಬೈಬಲನ್ನು ಅನುವಾದಿಸಿದ ಗಾಥಿಕ್ ಭಾಷೆಯಲ್ಲಿ ಈ ಪದದ ರೂಪ 'ತುನ್ಥುಸ್'. ಇದು ಸೊರಗಿದ ಅಂಗದಿಂದ ಬಂದದ್ದು. ಅದೇ ಬಳಗದ ಆಂಗ್ಲ, ಡಚ್, ಜರ್ಮನ್ ಭಾಷೆಗಳ ಪದವಾದರೋ ಪೂರ್ಣವಾದ ಅಂಗದಿಂದ ಬಂದಿದೆ. ಒಂದೇ ಮನೆಯ ಆಸ್ತಿಯಲ್ಲಿ ಒಬ್ಬ ಮಗ ಒಂದು ಭಾಗವನ್ನೂ ಇನ್ನೊಬ್ಬ ಮಗ ಮತ್ತೊಂದು ಭಾಗವನ್ನೂ ಪಡೆದಂತೆ ಇದು.

೩. ದಕಾರವು ಟಕಾರವಾದ ಬಗೆ

'ದಂತ' ಎಂಬುದಕ್ಕೂ 'ಟೂಥ್' ಎಂಬುದಕ್ಕೂ ಮೇಲುನೋಟಕ್ಕೆ ಒಂದಕ್ಷರವೂ ಹೊಂದುವುದಿಲ್ಲ. ಆದರೂ ಇವು ಒಂದೇ ಪದವೆಂದು ಭಾಷಾಶಾಸ್ತ್ರಜ್ಞರು ಧೈರ್ಯವಾಗಿ ಹೇಳುವುದು ಹೇಗೆ? ಕಿವಿಗೆ ಕೇಳುವ ಸಾದೃಶ್ಯವನ್ನು ಅವರು ನೆಚ್ಚುವುದಿಲ್ಲ, ನಿಯಮವನ್ನು ನೆಚ್ಚುತ್ತಾರೆ.

ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ ೧೮೧೮ರಲ್ಲಿಯೂ ಜರ್ಮನಿಯ ಯಾಕೋಬ್ ಗ್ರಿಮ್ ೧೮೨೨ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿಂದ ಈ ನಿಯಮ ಬೆಳಕಿಗೆ ಬಂದಿತು. ಮಕ್ಕಳ ಕಥೆಗಳನ್ನು ಸಂಗ್ರಹಿಸಿದ ಗ್ರಿಮ್ ಸಹೋದರರಲ್ಲಿ ಹಿರಿಯನೇ ಈತ. ಇತರ ಭಾಷೆಗಳ ದಕಾರವಿರುವೆಡೆ ಜರ್ಮಾನಿಕ್ ಶಾಖೆಯಲ್ಲಿ ನಾವು ಟಕಾರವೆಂದು ಬರೆಯುವ ಧ್ವನಿ ಬರುತ್ತದೆ. ತಕಾರವಿರುವೆಡೆ, ನಾಲಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ಉಸಿರನ್ನು ಹೊರಬಿಡುವ, 'ಥ್' ಎಂದು ಬರೆಯುವ ಧ್ವನಿ ಬರುತ್ತದೆ. ಪಕಾರವಿರುವೆಡೆ ಫಕಾರ ಬರುತ್ತದೆ. ಸಂಸ್ಕೃತದ 'ದಶ'ಕ್ಕೆ ಆಂಗ್ಲದಲ್ಲಿ 'ಟೆನ್', 'ದ್ವಿ' ಎಂಬುದಕ್ಕೆ 'ಟೂ', 'ತ್ರಯಃ' ಎಂಬುದಕ್ಕೆ 'ಥ್ರೀ', 'ಪಾದ'ಕ್ಕೆ 'ಫುಟ್'. ಈ ನಿಯಮವನ್ನು ನಮ್ಮ ಪದಕ್ಕೆ ಅನ್ವಯಿಸಿದರೆ 'ದಂತ್' ಎಂಬುದು 'ಟನ್ಥ್' ಎಂದಾಗಬೇಕು. ಜರ್ಮಾನಿಕ್ ಶಾಖೆಯ ಪ್ರಾಚೀನರೂಪ ಅದೇ ಎಂದು ಊಹಿಸಲಾಗಿದೆ.

ಜರ್ಮನ್ ಭಾಷೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆದಿಯ ಆ ಟಕಾರವನ್ನು 'ತ್ಸ' ಮಾಡಿತು. ಆದುದರಿಂದಲೇ 'ಟೆನ್' ಎಂಬುದಕ್ಕೆ ಅಲ್ಲಿ 'ತ್ಸೇನ್', 'ಟೂ' ಎಂಬುದಕ್ಕೆ 'ತ್ಸ್ವೈ', 'ಟಂಗ್' ಎಂಬ ನಾಲಗೆಗೆ 'ತ್ಸುಂಗೆ'. ಹಲ್ಲಿಗೆ ಹಳೆಯ ಜರ್ಮನಿನಲ್ಲಿ 'ತ್ಸಂದ್' ಎಂದಿದ್ದುದು ಕೊನೆಯ ದಕಾರವನ್ನು ಕಳೆದುಕೊಂಡು 'ತ್ಸಾನ್' ಆಗಿದೆ.

ಆಂಗ್ಲರು ಮಾಡಿದ್ದು ಬೇರೆ. ಅವರು 'ಥ್' ಮತ್ತು 'ಸ್' ಮೊದಲಾದ ಧ್ವನಿಗಳ ಹಿಂದಣ ಅನುನಾಸಿಕವನ್ನು ಬಿಟ್ಟು, ಅದರ ಬದಲಿಗೆ ಸ್ವರವನ್ನು ದೀರ್ಘಗೊಳಿಸಿದರು. ಜರ್ಮನರು ಬಾಯಿಗೆ 'ಮುಂಡ್' ಎಂದರೆ ಆಂಗ್ಲರು 'ಮೌಥ್' ಎನ್ನುತ್ತಾರೆ. ಅವರ 'ಗಾನ್ಸ್' ಇವರಲ್ಲಿ 'ಗೂಸ್'. ಈ 'ಗೂಸ್' ಸಂಸ್ಕೃತದ 'ಹಂಸ'ದ ಬಂಧುವೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹೀಗೆ 'ಟನ್ಥ್' ಎಂಬುದು 'ಟೋಥ್' ಆಯಿತು.

ಮುಂಬಯಿಯಲ್ಲಿ ಬೆಳೆದ ಕನ್ನಡ ಮಕ್ಕಳಿಗೆ ಇದು ಹೊಸ ಸಂಗತಿಯಲ್ಲ. ನೆರೆಮನೆಯ ಮರಾಠಿಯಲ್ಲಿ ಹಲ್ಲಿಗೆ 'ದಾತ್' ಎನ್ನುತ್ತಾರೆ. ಸಂಸ್ಕೃತದ 'ದಂತ'ವು ಪ್ರಾಕೃತದ ಮೂಲಕ ಬರುವಾಗ ಅನುನಾಸಿಕವನ್ನು ಕಳೆದುಕೊಂಡು ಅಕಾರವನ್ನು ದೀರ್ಘಗೊಳಿಸಿಕೊಂಡಿದೆ. ಹಿಂದಿಯ 'ದಾಂತ್' ನಡುದಾರಿಯಲ್ಲಿ ನಿಂತಿದೆ. ಸ್ವರ ದೀರ್ಘವಾಗಿದೆ, ಮೂಗಿನ ದನಿ ಇನ್ನೂ ಉಳಿದಿದೆ. ಥೇಮ್ಸ್ ನದಿಯ ತೀರದಲ್ಲಿಯೂ ಗೋದಾವರಿಯ ತೀರದಲ್ಲಿಯೂ ಒಂದೇ ಪದಕ್ಕೆ ಒಂದೇ ಬಗೆಯ ಬದಲಾವಣೆ ಪರಸ್ಪರ ಸಂಬಂಧವಿಲ್ಲದೆ ಆಗಿದೆ. ಮನುಷ್ಯನ ಬಾಯಿ ಎಲ್ಲೆಡೆಯಲ್ಲಿಯೂ ಒಂದೇ ಅಲ್ಲವೆ?

೪. 'ಟೀಥ್' ಎಂಬ ಬಹುವಚನದ ರಹಸ್ಯ

ಈಗ ಮೊದಲ ಪ್ರಶ್ನೆಗೆ ಬರೋಣ. ಬಹುವಚನದಲ್ಲಿ ಸ್ವರವೇಕೆ ಬದಲಾಯಿತು? ಅತಿ ಪ್ರಾಚೀನ ಕಾಲದಲ್ಲಿ ಈ ಪದದ ಬಹುವಚನಕ್ಕೆ 'ಇಜ್' ಎಂಬಂತಹ ಒಂದು ಪ್ರತ್ಯಯವಿತ್ತು. ಅಂದರೆ ಬದಲಾವಣೆ ಆಗುತ್ತಿದ್ದುದು ಪದದ ಕೊನೆಯಲ್ಲಿಯೇ ಹೊರತು ನಡುವೆ ಅಲ್ಲ. ಆದರೆ ಮುಂದೆ ಬರುವ ಇಕಾರಕ್ಕೆ ನಾಲಗೆ ಮೊದಲೇ ಸಿದ್ಧವಾಗತೊಡಗಿತು. ಅದರ ಸೆಳೆತಕ್ಕೆ ಹಿಂದಣ ಓಕಾರವು ಏಕಾರದತ್ತ ವಾಲಿತು. ಕಾಲಕ್ರಮದಲ್ಲಿ ಪದಾಂತ್ಯದ ಇಕಾರ ಬಿದ್ದುಹೋಯಿತು. ಅದು ಮಾಡಿದ ಬದಲಾವಣೆ ಮಾತ್ರ ಉಳಿಯಿತು. ಮಳೆ ನಿಂತರೂ ನೆಲದ ಒದ್ದೆ ಉಳಿದಂತೆ. ಆಂಗ್ಲ ಭಾಷೆಯ ಅತಿ ಹಳೆಯ ಗ್ರಂಥಗಳು ಹುಟ್ಟುವ ಹೊತ್ತಿಗೆ ಇದೆಲ್ಲ ಮುಗಿದಿತ್ತು. ಆಗ ಏಕವಚನ 'ಟೋಥ್', ಬಹುವಚನ 'ಟೇಥ್'.

ಕನ್ನಡದಲ್ಲಿಯೂ ಇಂತಹ ಸೆಳೆತ ಉಂಟು. ತಮಿಳಿನಲ್ಲಿ 'ಎಲಿ' ಎಂಬುದು ನಮ್ಮಲ್ಲಿ 'ಇಲಿ'. ಅಲ್ಲಿಯ 'ಪೊಡಿ' ಇಲ್ಲಿ 'ಪುಡಿ'. ಅಲ್ಲಿಯ 'ಸೆವಿ' ಇಲ್ಲಿ 'ಕಿವಿ'. ಮುಂದಣ ಇಕಾರವು ಹಿಂದಣ ಎಕಾರ ಒಕಾರಗಳನ್ನು ಇಕಾರ ಉಕಾರಗಳಾಗಿ ಎತ್ತಿದೆ. ನಮ್ಮಲ್ಲಿ ಆ ಇಕಾರ ಬೀಳದೆ ಉಳಿದಿರುವುದರಿಂದ ಕಾರಣವೂ ಕಾರ್ಯವೂ ಒಟ್ಟಿಗೆ ಕಾಣುತ್ತವೆ.

ಸುಮಾರು ೧೫ನೆಯ ಶತಮಾನದಿಂದ ೧೭ನೆಯ ಶತಮಾನದವರೆಗೆ ಆಂಗ್ಲದ ದೀರ್ಘಸ್ವರಗಳೆಲ್ಲ ಒಂದೊಂದು ಮೆಟ್ಟಿಲು ಮೇಲೇರಿದವು. ಓಕಾರವು ಊಕಾರವಾಯಿತು, ಏಕಾರವು ಈಕಾರವಾಯಿತು. 'ಟೋಥ್' ಎಂಬುದು 'ಟೂಥ್' ಆದುದೂ 'ಟೇಥ್' ಎಂಬುದು 'ಟೀಥ್' ಆದುದೂ ಆಗಲೇ. ಬರವಣಿಗೆ ಮಾತ್ರ ಹಳೆಯ ಉಚ್ಚಾರವನ್ನು ಬಿಡಲಿಲ್ಲ. ಆದುದರಿಂದಲೇ 'ಟೂಥ್' ಎಂಬುದನ್ನು ಇಂದಿಗೂ ಎರಡು ಒಕಾರಗಳಿಂದಲೂ 'ಟೀಥ್' ಎಂಬುದನ್ನು ಎರಡು ಎಕಾರಗಳಿಂದಲೂ ಬರೆಯುತ್ತಾರೆ. ಆಂಗ್ಲದ ಕಾಗುಣಿತವನ್ನು ಬಯ್ಯುವವರು ಅದರಲ್ಲಿ ಚರಿತ್ರೆ ಹುದುಗಿದೆಯೆಂಬುದನ್ನು ಮರೆಯಬಾರದು.

'ಬುಕ್' ಎಂಬ ಪದದ ಕಥೆಯೂ ಸ್ವಾರಸ್ಯವಾಗಿದೆ. ಹಳೆಯ ಆಂಗ್ಲದಲ್ಲಿ ಅದರ ಏಕವಚನ 'ಬೋಕ್', ಬಹುವಚನ 'ಬೇಚ್'. ಅದೂ 'ಟೂಥ್' ಗುಂಪಿನ ಪದವೇ. ಆದರೆ ಜನರು ಕ್ರಮೇಣ ಬಹುಸಂಖ್ಯಾತ ಪದಗಳ ಮಾದರಿಯನ್ನು ಅನುಸರಿಸಿ ಅದಕ್ಕೆ ಸಕಾರವನ್ನು ಹಚ್ಚಿದರು. ಇಂದು ನಾವು ನಿಯಮವೆನ್ನುವ 'ಬುಕ್ಸ್' ಹಿಂದೊಮ್ಮೆ ತಪ್ಪಾಗಿತ್ತು. ಇಂದು ನಾವು ಅಪವಾದವೆನ್ನುವ 'ಟೀಥ್' ಹಿಂದೆ ನಿಯಮವಾಗಿತ್ತು. ತರಗತಿಯಲ್ಲಿ 'ಟೂಥ್ಸ್' ಎಂದು ಬರೆದ ಮಗುವನ್ನು ತಿದ್ದಬೇಕು, ನಿಜ, ಆದರೆ ನಗಬಾರದು. ಇಂಗ್ಲೆಂಡಿನ ಜನರು 'ಬುಕ್' ಪದಕ್ಕೆ ಮಾಡಿದ್ದನ್ನೇ ಆ ಮಗು 'ಟೂಥ್' ಪದಕ್ಕೆ ಮಾಡಿದೆ.

೫. ವಿಭಕ್ತಿಗಳ ಸವಕಳಿ

ಲ್ಯಾಟಿನ್ನಿನಲ್ಲಿ ಈ ಪದಕ್ಕೆ ಪೂರ್ಣವಾದ ವಿಭಕ್ತಿಮಾಲೆಯಿದೆ. ಹಲ್ಲು 'ದೇನ್ಸ್', ಹಲ್ಲನ್ನು 'ದೆಂತೆಮ್', ಹಲ್ಲಿನ 'ದೆಂತಿಸ್', ಹಲ್ಲಿಗೆ 'ದೆಂತೀ'. ಬಹುವಚನದಲ್ಲಿ ಹಲ್ಲುಗಳ 'ದೆಂತಿಯುಮ್', ಹಲ್ಲುಗಳಿಗೆ 'ದೆಂತಿಬುಸ್'. ಪ್ರಥಮಾ ಏಕವಚನದಲ್ಲಿ ಮಾತ್ರ ತಕಾರ ಕಾಣದಿರುವುದಕ್ಕೆ ಕಾರಣವಿದೆ: 'ದೆಂತ್ಸ್' ಎಂದಿದ್ದುದರಲ್ಲಿ ಸಕಾರದ ಮುಂದೆ ತಕಾರವು ಲೋಪವಾಯಿತು. ಲಿಥುವೇನಿಯನ್ ಭಾಷೆ ಇಂದಿಗೂ ಇಂತಹ ವಿಭಕ್ತಿಗಳನ್ನು ಜೋಪಾನವಾಗಿ ಉಳಿಸಿಕೊಂಡಿದೆ. ಜರ್ಮನ್ ಭಾಷೆ ಅರ್ಧ ಉಳಿಸಿಕೊಂಡಿದೆ. ಅಲ್ಲಿ ಕೆಲಸದ ಬಹುಭಾಗವನ್ನು ಪದದ ಹಿಂದಣ ಉಪಪದ ಮಾಡುತ್ತದೆ. ಆಂಗ್ಲದಲ್ಲಿ ವಚನಭೇದವೂ ಷಷ್ಠಿಯ ಸಕಾರವೂ ಹೊರತಾಗಿ ಏನೂ ಉಳಿದಿಲ್ಲ.

ಫ್ರೆಂಚ್ ಭಾಷೆಯ ಸ್ಥಿತಿ ಇನ್ನೂ ವಿಚಿತ್ರ. ಅಲ್ಲಿ ಬರೆಯುವಾಗ ಬಹುವಚನಕ್ಕೆ ಸಕಾರವುಂಟು. ನುಡಿಯುವಾಗ ತಕಾರವೂ ಇಲ್ಲ, ಸಕಾರವೂ ಇಲ್ಲ. ಏಕವಚನ ಬಹುವಚನಗಳೆರಡೂ ಮೂಗಿನಿಂದ ಹೊರಡುವ 'ದಾಂ' ಎಂಬ ಒಂದೇ ದನಿ. 'ಲ ದಾಂ' ಎಂದರೆ ಒಂದು ಹಲ್ಲು, 'ಲೆ ದಾಂ' ಎಂದರೆ ಹಲ್ಲುಗಳು. ಪದದ ಕೊನೆಯಲ್ಲಿದ್ದ ವಚನವು ಪದದ ಮುಂದಕ್ಕೆ ಬಂದು ನಿಂತಿದೆ. ಲಿಂಗವೂ ಬದಲಾಗಿದೆ: ಲ್ಯಾಟಿನ್ನಿನಲ್ಲಿ ಪುಲ್ಲಿಂಗವಾಗಿದ್ದ ಹಲ್ಲು ಇಟಲಿಯಲ್ಲಿಯೂ ಸ್ಪೇನಿನಲ್ಲಿಯೂ ಪುಲ್ಲಿಂಗವಾಗಿಯೇ ಉಳಿದು ಫ್ರಾನ್ಸಿನಲ್ಲಿ ಸ್ತ್ರೀಲಿಂಗವಾಯಿತು.

ಲ್ಯಾಟಿನ್ನಿನ ಅಂಗವು ಆಂಗ್ಲಕ್ಕೆ ಸಾಲವಾಗಿಯೂ ಬಂದಿದೆ. ಹಲ್ಲಿನ ವೈದ್ಯ 'ಡೆಂಟಿಸ್ಟ್'. ಮೂರು ಹಲ್ಲುಗಳ ಆಯುಧ 'ಟ್ರೈಡೆಂಟ್'. ಎಲೆಯ ಅಂಚು ಸಿಂಹದ ಹಲ್ಲಿನಂತಿರುವ ಹೂಗಿಡ 'ಡ್ಯಾಂಡಿಲಯನ್'. ಹಿಂದೆ ಒಂದೇ ಹಾಳೆಯಲ್ಲಿ ಕರಾರನ್ನು ಎರಡು ಬಾರಿ ಬರೆದು, ನಡುವೆ ಹಲ್ಲುಹಲ್ಲಾಗಿ ಕತ್ತರಿಸಿ, ಆಚೆಯವರಿಗೊಂದು ಈಚೆಯವರಿಗೊಂದು ಕೊಡುತ್ತಿದ್ದರು. ಎರಡು ಅಂಚುಗಳು ಕೂಡಿದರೆ ಕರಾರು ಸಾಚಾ. ಆ ಪತ್ರವೇ 'ಇಂಡೆಂಚರ್'. ಇಂದು ಕಚೇರಿಗಳಲ್ಲಿ ಸಾಮಾನು ಬೇಕೆಂದು ಬರೆಯುವ 'ಇಂಡೆಂಟ್' ಎಂಬುದೂ ಅದೇ ಪದ. ಒಂದೇ ಆಂಗ್ಲ ಭಾಷೆಯಲ್ಲಿ 'ಟೂಥ್' ಮನೆಯ ಮಗು, 'ಡೆಂಟ್' ಹೊರಗಿನಿಂದ ಬಂದ ದಾಯಾದಿ.

೬. ಬಳಗದಲ್ಲಿದ್ದೂ ಬೇರೆಯಾದವರು

ಇಂಡೋ-ಯೂರೋಪಿಯನ್ ಬಳಗದ ಎಲ್ಲರೂ ಈ ಪದವನ್ನು ಉಳಿಸಿಕೊಳ್ಳಲಿಲ್ಲ. ರಷ್ಯನ್ ಭಾಷೆಯಲ್ಲಿ ಹಲ್ಲಿಗೆ 'ಜುಬ್' ಎನ್ನುತ್ತಾರೆ. ಇದು ಸಂಸ್ಕೃತದ 'ಜಂಭ' ಎಂಬ ಪದದ ಬಂಧು. ಆಂಗ್ಲದ 'ಕೋಮ್' ಎಂಬ ಹಣಿಗೆಯೂ ಇದರ ಬಂಧುವೇ. ಹಣಿಗೆಗೂ ಹಲ್ಲುಂಟಷ್ಟೆ. ರಷ್ಯನ್ನಿನಲ್ಲಿ ಬಾಯಿಯ ಹಲ್ಲುಗಳಿಗೆ 'ಜೂಬಿ' ಎಂದೂ ಯಂತ್ರದ ಚಕ್ರದ ಹಲ್ಲುಗಳಿಗೆ 'ಜೂಬ್ಯ' ಎಂದೂ ಎರಡು ಬಹುವಚನಗಳಿರುವುದು ವಿಶೇಷ.

ಫಿನ್ಲೆಂಡಿನ ಭಾಷೆ ಇಂಡೋ-ಯೂರೋಪಿಯನ್ ಅಲ್ಲ. ಹಂಗೇರಿಯ ಭಾಷೆಯಂತೆ ಅದು ಯುರಾಲಿಕ್ ಬಳಗದ್ದು. ಅಲ್ಲಿ ಹಲ್ಲಿಗೆ 'ಹಮ್ಮಸ್' ಎನ್ನುತ್ತಾರೆ. ಇದು ಬಾಲ್ಟಿಕ್ ನೆರೆಹೊರೆಯಿಂದ, ಅಂದರೆ ಈ 'ಜಂಭ'ದ ಬಳಗದಿಂದ ತಂದ ಸಾಲವೆಂದು ವಿದ್ವಾಂಸರು ಹೇಳುತ್ತಾರೆ. ಫಿನ್ನರ ಸ್ವಂತ ಪದ 'ಪೀ' ಎಂಬುದು ಕುಂಟೆ, ಹಣಿಗೆಗಳ ಹಲ್ಲಿಗೆ ಮಾತ್ರ ಉಳಿದಿದೆ. ಅದರ ಬಂಧುವಾದ 'ಫೋಗ್' ಹಂಗೇರಿಯಲ್ಲಿ ಇಂದಿಗೂ ಬಾಯಿಯ ಹಲ್ಲೇ. ಮೈಯ ಅಂಗಗಳ ಹೆಸರುಗಳು ಸಾಮಾನ್ಯವಾಗಿ ಸಾಲ ಬರುವುದಿಲ್ಲವೆಂಬ ಮಾತಿದೆ. ಆದರೂ ಬರುವುದುಂಟು ಎಂಬುದಕ್ಕೆ ಇದು ಸಾಕ್ಷಿ. 'ಹಮ್ಮಸ್' ಒಂದನ್ನೇ ಹಿಡಿದು ಫಿನ್ನಿಷ್ ಭಾಷೆ ಬಾಲ್ಟಿಕ್ ಮಗಳೆಂದರೆ ಅದು ಶುದ್ಧ ತಪ್ಪು. ಸಂಬಂಧವನ್ನು ಒಂದು ಪದದಿಂದ ನಿರ್ಣಯಿಸಲಾಗದು. ಪದಗಳ ಸಾಲುಸಾಲಿನಲ್ಲಿ ಒಂದೇ ನಿಯಮ ನಡೆಯಬೇಕು, ಪ್ರತ್ಯಯಗಳ ವ್ಯವಸ್ಥೆ ಹೊಂದಬೇಕು.

೭. ನಮ್ಮ ಬಾಯಿಯ ಹಲ್ಲು

ಈ ಎಚ್ಚರಿಕೆ ಕನ್ನಡಿಗರಿಗೆ ಅತ್ಯಗತ್ಯ. ಕನ್ನಡದಲ್ಲಿ 'ದಂತ'ವೂ ಇದೆ. ಆನೆಯ ದಂತ, ದಂತವೈದ್ಯ, ದಂತಕಥೆ ಎಂದು ದಿನವೂ ಹೇಳುತ್ತೇವೆ. ತ, ಥ, ದ, ಧ, ನ ಎಂಬ ದಂತ್ಯಾಕ್ಷರಗಳ ಹೆಸರಿನಲ್ಲಿಯೂ ಅದಿದೆ. ಇದನ್ನು ಕಂಡು, ಕನ್ನಡವೂ ಸಂಸ್ಕೃತದ ಮಗಳೆಂದು ಹೇಳುವವರು ಈಗಲೂ ಇದ್ದಾರೆ. ಆದರೆ 'ದಂತ' ನಮಗೆ ತತ್ಸಮವಾಗಿ ಬಂದ ಪದ, ಫಿನ್ನರಿಗೆ 'ಹಮ್ಮಸ್' ಬಂದಂತೆ. ನಮ್ಮ ಸ್ವಂತ ಪದ 'ಹಲ್ಲು'. ಹಳಗನ್ನಡದಲ್ಲಿ ಅದು 'ಪಲ್'. ತಮಿಳಿನಲ್ಲಿ 'ಪಲ್', ಮಲಯಾಳದಲ್ಲಿಯೂ ತೆಲುಗಿನಲ್ಲಿಯೂ 'ಪಲ್ಲು'. ಪದಾದಿಯ ಪಕಾರವು ಕನ್ನಡದಲ್ಲಿ ಹತ್ತನೆಯ ಶತಮಾನದಿಂದೀಚೆಗೆ ಕ್ರಮೇಣ ಹಕಾರವಾಯಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು. ಗ್ರಿಮ್ಮನು ಜರ್ಮಾನಿಕ್ ಭಾಷೆಗಳಲ್ಲಿ ಕಂಡದ್ದು ಎಂತಹ ನಿಯಮವೋ ಇದೂ ಅಂತಹದೇ ನಿಯಮ. ನಮ್ಮ ಭಾಷೆಯೂ ತನ್ನದೇ ಆದ ನಿಯಮದಂತೆ ನಡೆದು ಬಂದಿದೆ.

ವಿಭಕ್ತಿಯ ಸ್ವಭಾವವೂ ಬೇರೆ. ಲ್ಯಾಟಿನ್ನಿನ 'ದೆಂತೀ', 'ದೆಂತಿಬುಸ್' ಎಂಬುವುಗಳಲ್ಲಿ ವಚನ ಯಾವುದು, ವಿಭಕ್ತಿ ಯಾವುದು ಎಂದು ಬಿಡಿಸಲು ಬಾರದು. ಎರಡೂ ಕರಗಿ ಒಂದಾಗಿವೆ. ಕನ್ನಡದಲ್ಲಾದರೋ 'ಹಲ್ಲುಗಳಿಗೆ' ಎಂದರೆ ಹಲ್ಲು, ಗಳ್, ಇಗೆ ಎಂದು ಬೇರೆಬೇರೆಯಾಗಿ ಎಣಿಸಬಹುದು. 'ಹಲ್ಲಿಗೆ' ಎಂಬುದರಲ್ಲಿಯೂ ಅದೇ 'ಇಗೆ'. ಮಣಿಗಳನ್ನು ಪೋಣಿಸಿದಂತಹ ಈ ರಚನೆ ದ್ರಾವಿಡ ಭಾಷೆಗಳ ಲಕ್ಷಣ. ಇವು ಪ್ರತ್ಯೇಕ ಬಳಗವೆಂಬುದನ್ನು ಎಲ್ಲಿಸನು ೧೮೧೬ರಲ್ಲಿ ತೋರಿಸಿದನು. ಕಾಲ್ಡ್‌ವೆಲ್ಲನು ೧೮೫೬ರ ತನ್ನ ತುಲನಾತ್ಮಕ ವ್ಯಾಕರಣದಲ್ಲಿ ವಿಸ್ತಾರವಾಗಿ ಸ್ಥಾಪಿಸಿದನು. ಅವರಿಗಿಂತ ಬಹಳ ಮೊದಲೇ, ೧೩ನೆಯ ಶತಮಾನದಲ್ಲಿ, ನಮ್ಮ ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ಸಂಸ್ಕೃತ ಪದಗಳು ಕನ್ನಡಕ್ಕೆ ಬರುವಾಗ ಹೊಂದುವ ಮಾರ್ಪಾಟುಗಳನ್ನು ಕ್ರಮವಾಗಿ ನಿರೂಪಿಸಿದ್ದನು. ಬಂದದ್ದು ಯಾವುದು, ಮನೆಯದು ಯಾವುದು ಎಂಬ ವಿವೇಕ ಅವನಲ್ಲಿತ್ತು.

ಸಾಲ ತಂದುದರಿಂದ ನಾಚಬೇಕಾದುದಿಲ್ಲ. ಆಂಗ್ಲವು 'ಡೆಂಟಿಸ್ಟ್' ಎಂಬುದನ್ನು ತಂದುದರಿಂದ 'ಟೂಥ್' ಸಾಯಲಿಲ್ಲ. ಕನ್ನಡವು 'ದಂತವೈದ್ಯ'ನನ್ನು ಕರೆದುದರಿಂದ 'ಹಲ್ಲುನೋವು' ಹೋಗಲಿಲ್ಲ. ಶಾಸ್ತ್ರಕ್ಕೆ ದಂತ, ಬದುಕಿಗೆ ಹಲ್ಲು. ಹಲ್ಲು ಕಿರಿಯುತ್ತೇವೆ, ಹಲ್ಲು ಕಡಿಯುತ್ತೇವೆ, ದಂತ ಕಿರಿದವರಿಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯಲ್ಲಿ 'ದಂತ'ವನ್ನಿಟ್ಟು ನೋಡಿರಿ. ಗಾದೆಯ ಜೀವವೇ ಹಾರಿಹೋಗುತ್ತದೆ.

ಪರಸ್ಥಳದಲ್ಲಿ ಕನ್ನಡ ಕಲಿಯುವ ನಮ್ಮ ಮಕ್ಕಳ ಕಿವಿಗೆ ದಿನವೂ ನಾಲ್ಕು ಭಾಷೆಗಳು ಬೀಳುತ್ತವೆ. ಇದನ್ನು ಹೊರೆಯೆಂದು ಭಾವಿಸುವವರುಂಟು. ಆದರೆ 'ಹಲ್ಲು, ದಾತ್, ದಾಂತ್, ಟೂಥ್' ಎಂಬ ನಾಲ್ಕು ಮಾತುಗಳನ್ನು ಒಟ್ಟಿಗೆ ಬಲ್ಲ ಹುಡುಗನಿಗೆ ಮೇಲಣ ವಿಚಾರ ಅರ್ಧ ತಿಳಿದಂತೆಯೇ. ಅವುಗಳಲ್ಲಿ ಮೂರು ಒಂದೇ ಬಳಗದವು. ಬೇರೆಯಾಗಿ ನಿಂತಿರುವುದು ಅವನ ಮನೆಯ ಮಾತು. ಒಂದನ್ನು ಬಿಟ್ಟು ಒಂದನ್ನು ಹಿಡಿಯಬೇಕಾಗಿಲ್ಲ. ಯಾವುದು ಯಾವುದರ ಬಂಧು ಎಂದು ಅರಿತು ಎಲ್ಲವನ್ನೂ ಗೌರವದಿಂದ ನುಡಿದರೆ ಸಾಕು.

ಅಭ್ಯಾಸಕ್ಕಾಗಿ

೧. 'ಫುಟ್, ಫೀಟ್' ಎಂಬ ಜೋಡಿಗೆ ಮೇಲಣ ವಿವರಣೆಯನ್ನು ಅನ್ವಯಿಸಿರಿ. ಇದರ ಸಂಸ್ಕೃತ ಬಂಧುವಿನ ಪಕಾರ, ದಕಾರಗಳು ಆಂಗ್ಲದಲ್ಲಿ ಏನಾಗಿವೆ?
೨. ಕನ್ನಡದಲ್ಲಿ ಹಕಾರದಿಂದಲೂ ತಮಿಳು ಅಥವಾ ತೆಲುಗಿನಲ್ಲಿ ಪಕಾರದಿಂದಲೂ ಮೊದಲಾಗುವ ಹತ್ತು ಪದಗಳನ್ನು ಹಿರಿಯರಿಂದ ಕೇಳಿ ಬರೆಯಿರಿ.
೩. ಕಣ್ಣು, ಮೂಗು, ಕಿವಿ, ಕೈ ಎಂಬ ಪದಗಳಿಗೆ ಕನ್ನಡದಲ್ಲಿರುವ ತತ್ಸಮಗಳಾವುವು? ಸ್ವಂತ ಪದವನ್ನು ಎಲ್ಲಿ, ತತ್ಸಮವನ್ನು ಎಲ್ಲಿ ಬಳಸುತ್ತೇವೆಂಬುದನ್ನು ಉದಾಹರಣೆಗಳೊಡನೆ ವಿವರಿಸಿರಿ.